ನೀರು ಕೇಳದ ವಾಹನ

ಆಸ್ಟ್ರೇಲಿಯಾ ಖಂಡದ ದಕ್ಷಿಣ ಭಾಗದಲ್ಲಿ ‘ನಲ್ಲಾರ್ಬರ್’ ಎಂಬ ವಿಶಾಲವಾದ ಬಯಲಿದೆ. ಮರವಿಲ್ಲದ್ದು ಎಂಬುದೇ ಆ ಲ್ಯಾಟಿನ್ ಹೆಸರಿನ ಅರ್ಥ. ಬಿದ್ದ ಅಲ್ಪ ಮಳೆಯೂ ಅಲ್ಲಿಯ ಸುಣ್ಣಕಲ್ಲಿನ ನೆಲದಲ್ಲಿ ಇಂಗಿಹೋಗುವುದರಿಂದ ಹರಿಯುವ ಹೊಳೆಯೊಂದೂ ಕಾಣದು. 1896ರ ನವೆಂಬರ್ 24ರಂದು ಆರ್ಥರ್ ರಿಚರ್ಡ್‌ಸನ್ ಎಂಬ ತರುಣನು ಈ ಬಯಲನ್ನು ದಾಟಿ ಅಡಿಲೇಡ್ ನಗರವನ್ನು ಸೇರಲೆಂದು ಕೂಲ್‌ಗಾರ್ಡಿಯಿಂದ ಬೈಸಿಕಲ್ಲನ್ನೇರಿ ಹೊರಟನು.

ಇದು ಬರಿಯ ಹುಚ್ಚು ಸಾಹಸವೆಂದು ವಾಚಕರಿಗೆ ತೋರಬಹುದು. ಆದರೆ ಕೂಲ್‌ಗಾರ್ಡಿಯು 1892ರಲ್ಲಿ ಚಿನ್ನ ದೊರೆತ ಊರು. ಅಲ್ಲಿ ಚಿನ್ನವಿದ್ದರೂ ನೀರಿಗೆ ಬರ. ಕುದುರೆಗೆ ನೀರು ಮೇವುಗಳನ್ನು ಒದಗಿಸುವುದು ಬಲು ದುಬಾರಿ. ಬೈಸಿಕಲ್ಲಿಗಾದರೋ ಎರಡೂ ಬೇಡ. ಆದುದರಿಂದಲೇ ಆ ಸೀಮೆಯಲ್ಲಿ ಟಪಾಲು ಸಹ ಬೈಸಿಕಲ್ಲಿನ ಮೇಲೆ ಸಂಚರಿಸುತ್ತಿತ್ತು.

ವಾಹನಕ್ಕೆ ಬಾಯಾರಿಕೆಯಿಲ್ಲದಿದ್ದರೇನು, ಸವಾರನಿಗುಂಟಲ್ಲ! ನಮಗೆ ಚಳಿ ಹಿಡಿಯುವ ಡಿಸೆಂಬರ್ ಅಲ್ಲಿ ಉರಿಬೇಸಿಗೆ. ರಿಚರ್ಡ್‌ಸನ್ನನ ಬಳಿಯಿದ್ದುದು ಚಿಕ್ಕದೊಂದು ಗಂಟು, ಒಂದು ನೀರಿನ ಚೀಲ. ಮರಳಿನಲ್ಲಿ ಚಕ್ರ ಹೂತರೆ ಹೊತ್ತೊಯ್ಯಬೇಕಾದ ವಾಹನವೇ ಹೊರೆ. ದಾರಿ ತಪ್ಪಿದರಂತೂ ನೀರು ಮುಗಿಯುವವರೆಗೆ ಮಾತ್ರ ಆಯುಸ್ಸು. ಅವನಿಗೆ ದಿಕ್ಕು ತೋರಿದುದು 1877ರಲ್ಲಿ ಪೂರ್ಣಗೊಂಡಿದ್ದ ತಂತಿಕಂಬಗಳ ಸಾಲು. ಅದನ್ನು ಕಣ್ಣಿನಿಂದ ಮರೆಯಾಗಗೊಡದೆ ಸಾಗಿ, 31 ದಿನಗಳಲ್ಲಿ ಅವನು ಅಡಿಲೇಡ್ ಸೇರಿದನು. ನಲ್ಲಾರ್ಬರನ್ನು ಬೈಸಿಕಲ್ಲಿನಲ್ಲಿ ದಾಟಿದವರಲ್ಲಿ ಅವನೇ ಮೊದಲಿಗ.

ಮುಂದೆ 1899ರ ಜೂನ್‌ನಲ್ಲಿ ಪರ್ತ್‌ನಿಂದ ಹೊರಟು, 1900ರ ಫೆಬ್ರವರಿಯಲ್ಲಿ ಹಿಂದಿರುಗುವಷ್ಟರಲ್ಲಿ ಇಡೀ ಖಂಡವನ್ನೇ ಬೈಸಿಕಲ್ಲಿನಲ್ಲಿ ಸುತ್ತಿದ ಪ್ರಥಮನೆನಿಸಿದನು. ಆದರೂ ಆ ಮೊದಲ ಯಾತ್ರೆಯ ಕಥೆಯೇ ಬೇರೆ. ಸುದ್ದಿಯನ್ನು ಸಾಗಿಸಲೆಂದು ಎಳೆದ ತಂತಿಯು ಆಗ ಒಂದು ಜೀವವನ್ನೂ ದಡ ಸೇರಿಸಿತು.