ಮಾಗಿ ಚಳಿ: ಕೋಳಿಗೂಡಿಗೆ ಬೇಕಿರುವುದು ಕಂಬಳಿಯಲ್ಲ

ಮಾಗಿ ಬಂತೆಂದರೆ ಹಿತ್ತಲ ಕೋಳಿಗೂಡಿಗೂ ಗೋಣಿಚೀಲದ ಹೊದಿಕೆ ಬೀಳುತ್ತದೆ. ಬೀದರಿನಂಥ ಕಡೆ ಕೆಲವು ರಾತ್ರಿ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದುಂಟು. ನಮಗೇ ನಡುಕ ಬಂದಾಗ ಕೋಳಿಯ ಮೇಲೆ ಮರುಕ ಹುಟ್ಟುವುದು ಸಹಜ. ಎಡವಟ್ಟಾಗುವುದು ಆ ಮರುಕದಲ್ಲೇ.

ನಂಬಿಕೆ: ರಾತ್ರಿ ಗೂಡನ್ನು ಗಾಳಿಯಾಡದಂತೆ ಮುಚ್ಚಬೇಕು.

ಸತ್ಯ: ಬೆಳೆದ ಕೋಳಿಯ ಮೈಬಿಸಿ ಸುಮಾರು 41 ಡಿಗ್ರಿ. ಪುಕ್ಕ ಉಬ್ಬಿಸಿ ಕೂತರೆ ಗರಿಗಳ ನಡುವೆ ನಿಂತ ಗಾಳಿಯೇ ಅದಕ್ಕೆ ಕಂಬಳಿ. ಪುಕ್ಕ ಒದ್ದೆಯಾದರೆ ಮಾತ್ರ ಆ ಕಂಬಳಿ ಕೆಲಸಕ್ಕೆ ಬಾರದು. ಪೂರ್ತಿ ಮುಚ್ಚಿದ ಗೂಡಿನಲ್ಲಿ ಉಸಿರಿನ ಪಸೆಯೂ ಹಿಕ್ಕೆಯಿಂದೇಳುವ ಅಮೋನಿಯಾವೂ ಒಳಗೇ ಉಳಿಯುತ್ತವೆ. ಕಣ್ಣುರಿ, ಉಸಿರಾಟದ ತೊಂದರೆ ಅಲ್ಲಿಂದಲೇ ಶುರು. ಬೆಳಿಗ್ಗೆ ಬಾಗಿಲು ತೆಗೆದಾಗ ನಿಮ್ಮ ಮೂಗಿಗೆ ಘಾಟು ಹೊಡೆದರೆ, ಕೋಳಿ ಇಡೀ ರಾತ್ರಿ ಅದನ್ನೇ ಉಸಿರಾಡಿದೆ. ಗಾಳಿ ಬೀಸುವ ಕಡೆ ಕೋಳಿ ಕೂರುವ ಎತ್ತರದವರೆಗೆ ಗೋಣಿ ಕಟ್ಟಿ. ಸೂರಿನ ಕೆಳಗೆ ಗೇಣಗಲ ಬಿಟ್ಟು, ಬೆಕ್ಕು, ಮುಂಗುಸಿ ನುಗ್ಗದಂತೆ ಜಾಲರಿ ಹೊಡೆಯಿರಿ. ನೆಲಕ್ಕೆ ಒಣ ಭತ್ತದ ಹೊಟ್ಟು ಹಾಸಿ, ನೆನೆದದ್ದನ್ನು ಆಗಾಗ ತೆಗೆಯಿರಿ.

ನಂಬಿಕೆ: ಬಾಣಲೆಯಲ್ಲಿ ಕೆಂಡ ಇಟ್ಟರೆ ಬೆಚ್ಚಗಿರುತ್ತವೆ.

ಸತ್ಯ: ಹೊಟ್ಟಿಗೆ ಒಂದು ಕಿಡಿ ಸಾಕು. ಅದು ತಪ್ಪಿದರೂ ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಸದ್ದಿಲ್ಲದೆ ಕೊಲ್ಲುತ್ತದೆ. ಕಾವು ನಿಜಕ್ಕೂ ಬೇಕಿರುವುದು ತಾಯಿಯಿಲ್ಲದ ಮರಿಗಳಿಗೆ: ಮೊದಲ ವಾರ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ, ಆಮೇಲೆ ವಾರಕ್ಕೆ 3 ಡಿಗ್ರಿಯಷ್ಟು ಇಳಿಸುತ್ತ ಬರಬೇಕು. ಥರ್ಮಾಮೀಟರ್ ಇಲ್ಲವೇ? ಮರಿಗಳನ್ನೇ ನೋಡಿ. ಬಲ್ಬಿನಡಿ ಒತ್ತೊತ್ತಾಗಿ ಸೇರಿದರೆ ಚಳಿ, ಮೂಲೆಗೆ ಸರಿದು ಬಾಯಿ ತೆರೆದರೆ ಸೆಕೆ, ಹರಡಿಕೊಂಡು ಓಡಾಡಿದರೆ ಹದ.

ನಂಬಿಕೆ: ಚಳಿಗೆ ಮೊಟ್ಟೆ ನಿಂತಿತು, ಇನ್ನು ಸಾರಿಗೇ ಸೈ.

ಸತ್ಯ: ಮೊಟ್ಟೆಗೆ ಚಳಿಗಿಂತ ಬೆಳಕಿನ ಲೆಕ್ಕ ಮುಖ್ಯ. ಚೆನ್ನಾಗಿ ಇಡಲು ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು 11 ಗಂಟೆ ಚಿಲ್ಲರೆ. ಜೊತೆಗೆ ಪುಕ್ಕ ಉದುರಿಸಿ ಹೊಸದು ಬೆಳೆಸುವ ಕಾಲವೂ ಬಂದಿದ್ದರೆ ತಿಂದ ಸತ್ವವೆಲ್ಲ ಪುಕ್ಕಕ್ಕೇ ಹೋಗುತ್ತದೆ. ಬಲ್ಬು ಹಾಕುವುದಾದರೆ ನಸುಕಿನಲ್ಲಿ ಹಾಕಿ. ರಾತ್ರಿ ಏಕಾಏಕಿ ಆರಿಸಿದರೆ ಕೋಳಿಗಳು ಕೂರುವ ಜಾಗ ಕಾಣದೆ ತಡವರಿಸುತ್ತವೆ.

ನಂಬಿಕೆ: ಚಳಿಯಲ್ಲಿ ನೀರು ಅಷ್ಟಾಗಿ ಬೇಡ.

ಸತ್ಯ: ಮೊಟ್ಟೆಯ ಮುಕ್ಕಾಲು ಪಾಲು ನೀರೇ. ನೀರು ಕಡಿಮೆಯಾದರೆ ಮೇವೂ ಕಡಿಮೆ, ಮೊಟ್ಟೆಯೂ ಕಡಿಮೆ. ರಾತ್ರಿಯ ತಣ್ಣೀರು ಚೆಲ್ಲಿ, ಬೆಳಿಗ್ಗೆ ಬಾವಿಯಿಂದ ಆಗಷ್ಟೇ ಸೇದಿದ್ದು ಇಡಿ. ಮೈ ಬೆಚ್ಚಗಿಟ್ಟುಕೊಳ್ಳಲು ಮೇವೂ ತುಸು ಹೆಚ್ಚೇ ಬೇಕು. ಸಂಜೆ ಒಂದಿಷ್ಟು ಮುಸುಕಿನ ಜೋಳದ ನುಚ್ಚು ಹಾಕಿದರೆ ರಾತ್ರಿಗೆ ಆಸರೆ.

ನಂಬಿಕೆ: ತೂಕಡಿಸಿ ಸತ್ತ ಕೋಳಿಗೆ ಚಳಿ ಹೊಡೆದಿದೆ.

ಸತ್ಯ: ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು ಕಂಡರೆ ಕೊಕ್ಕರೆ ರೋಗದ ಶಂಕೆ ಬರಬೇಕು. ಅದು ವೈರಸ್ಸಿನ ಕಾಯಿಲೆ. ಬೆಳ್ಳುಳ್ಳಿ, ಮೆಣಸು ಅರೆದು ನುಂಗಿಸಿದರೆ ಹೋಗದು. ತಡೆಯುವುದು ಲಸಿಕೆ: ಮರಿಗೆ ಮೊದಲ ವಾರದಲ್ಲೇ ಒಮ್ಮೆ, ಮುಂದೆ ಪಶುವೈದ್ಯರು ಹೇಳಿದ ವಯಸ್ಸಿಗೆ ಮತ್ತೆ. ಸೊರಗಿದ ಕೋಳಿಯನ್ನು ಬೇರೆ ಇಡಿ, ಸಂತೆಗೆ ಸಾಗಿಸಬೇಡಿ.

ಈ ಸಲ ಗೋಣಿಚೀಲ ಹುಡುಕುವ ಮೊದಲು, ಲಸಿಕೆ ಹಾಕಿಸಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ.