ಖಿರ್ದಿಗೆ ಸೇರದೇ ಹೋದ ಹಕ್ಕಿ

ಶ್ರೀಮಠದ ಪ್ರಸಾದ ನಿಲಯದಲ್ಲಿದ್ದು ನಾವು ವ್ಯಾಸಂಗ ಮಾಡುತ್ತಿದ್ದ ದಿನಗಳಲ್ಲಿ, ಹಿಂಗಾರಿ ಸುಗ್ಗಿ ಮುಗಿಯುತ್ತಲೇ ಚಕ್ಕಡಿ ಹೂಡಿಕೊಂಡು ಹಳ್ಳಿಹಳ್ಳಿಗೆ ಹೋಗಿ ದಾಸೋಹಕ್ಕೆ ಬಿಳಿಜೋಳ ಕೂಡಿಸಿ ತರುವ ಪದ್ಧತಿಯಿತ್ತು. ಕಾರಕೂನರ ಜೊತೆಯಲ್ಲಿ ಚೀಲ ಎಣಿಸಲು ಒಬ್ಬ ವಿದ್ಯಾರ್ಥಿ ಹೋಗಬೇಕು. ಅಂಥದೊಂದು ಪಯಣದಲ್ಲಿ, ಎರೆ ಹೊಲಗಳ ನಡುವಣ ಹುಲ್ಲುಬಯಲಿನಲ್ಲಿ, ನಮ್ಮ ಎದೆಯ ಮಟ್ಟಕ್ಕೆ ನಿಂತ ಒಂದು ಹಕ್ಕಿಯನ್ನು ಕಂಡೆವು. ಕಂದು ಬೆನ್ನು, ಬಿಳಿಯ ನೀಳ ಕತ್ತು, ನೆತ್ತಿಯ ಮೇಲೆ ಕರಿಯ ಟೊಪ್ಪಿಗೆ. ಚಕ್ಕಡಿಯ ಸದ್ದಿಗೆ ಅದು ಹಾರಲಿಲ್ಲ. ಊರ ಗೌಡನು ತನ್ನ ಹೊಲವನ್ನು ನೋಡಿಕೊಂಡು ಹೋಗುವಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದುಹೋಯಿತು. "ಗದ್ದಲ ಮಾಡಬ್ಯಾಡ ತಮ್ಮಾ, ಎರೆಭೂತ ಅದು" ಎಂದರು ಕಾರಕೂನರು.

ಅಂದು ರಾತ್ರಿ ಅವರು ಕಂದೀಲಿನ ಬೆಳಕಿನಲ್ಲಿ ಖಿರ್ದಿ ಬರೆದರು. ಯಾವ ಊರಿನಿಂದ ಜೋಳ ಎಷ್ಟು, ಎತ್ತುಗಳಿಗೆ ಹಿಂಡಿ ಎಷ್ಟು, ಕೀಲೆಣ್ಣೆಗೆ ಎಷ್ಟು ಪೈಸೆ ಎಂಬುದೆಲ್ಲ ಅದರಲ್ಲಿ ಸೇರಿತು. ಹಕ್ಕಿಯ ಮಾತು ಸೇರಲಿಲ್ಲ. ಸೇರಬೇಕೆಂದು ನಮಗೂ ತೋಚಲಿಲ್ಲ.

ಕೆಲವು ವರ್ಷಗಳ ಹಿಂದೆ ಹಕ್ಕಿಗಳ ಅಧ್ಯಯನ ಮಾಡುತ್ತಿದ್ದ ತರುಣನೊಬ್ಬನು ನಮ್ಮಲ್ಲಿಗೆ ಬಂದನು. ಎರೆಭೂತದ ಕಥೆಯನ್ನು ಉತ್ಸಾಹದಿಂದ ಹೇಳಿದೆವು. ಅವನು ಲೇಖನಿ ಹಿಡಿದು ವಿನಯದಿಂದ ಕೇಳಿದನು: "ಯಾವ ವರ್ಷ, ಗುರುಗಳೇ? ಯಾವ ಊರಿನ ಸೀಮೆ? ಒಂದೇ ಇತ್ತೋ, ಜೋಡಿಯೋ?" 1970ರ ಆಚೀಚೆ ಎಂದೆವು. ಊರನ್ನು ಹೇಳಹೋಗಿ ಎರಡು ಊರುಗಳ ಹೆಸರು ಹೇಳಿದೆವು. ಅವನು ಏನೋ ಗೀಚಿಕೊಂಡು ಪುಸ್ತಕ ಮುಚ್ಚಿದನು. ಅಂದಿನ ಜೋಳದ ಲೆಕ್ಕ ಹಳೆಯ ಪೆಟ್ಟಿಗೆಯಲ್ಲಿ ಇಂದಿಗೂ ಸಿಕ್ಕೀತು. ಆ ಹಕ್ಕಿಯ ಲೆಕ್ಕ ಎಲ್ಲಿಯೂ ಇಲ್ಲ.

ಈ ಹಕ್ಕಿಯ ಸ್ಥಿತಿಯನ್ನು ಬಲ್ಲವರಿಗೆ ನಮ್ಮ ವ್ಯಥೆ ಅರ್ಥವಾದೀತು. ನೆಲದಿಂದ ಸುಮಾರು ಒಂದು ಮೀಟರ್ ಎತ್ತರ. ಗಂಡಿನ ತೂಕ 15 ಕಿಲೋಗ್ರಾಂವರೆಗೂ ಹೋಗುವುದುಂಟು. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು, ಅದೂ ಬರಿ ನೆಲದ ಮೇಲೆ, ಇಡುತ್ತದೆ. ನೇರ ಮುಂದಿರುವುದು ಅದಕ್ಕೆ ಚೆನ್ನಾಗಿ ಕಾಣದು. ಭಾರದ ಮೈಯನ್ನು ಥಟ್ಟನೆ ಹೊರಳಿಸಲೂ ಬಾರದು. ಆದಕಾರಣ ವಿದ್ಯುತ್ ತಂತಿಗಳಿಗೆ ಬಡಿದು ಸಾಯುವುದು ಇಂದಿನ ದೊಡ್ಡ ವಿಪತ್ತು. ಈಗ ಕಾಡಿನಲ್ಲಿ ಉಳಿದಿರುವವು ಸುಮಾರು 150 ಮಾತ್ರ ಎಂದು ತಜ್ಞರ ಅಂದಾಜು; ಅವುಗಳಲ್ಲಿ ಬಹುಪಾಲು ರಾಜಸ್ಥಾನದಲ್ಲಿವೆ. ನಮ್ಮ ನಾಡಿನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆ ಸೀಮೆಯಲ್ಲಿ ಬೆರಳೆಣಿಕೆಯಷ್ಟು.

ರಾಣೆಬೆನ್ನೂರಿನ ಬಯಲಿನಲ್ಲಿಯೂ ಇದು ಒಂದು ಕಾಲಕ್ಕೆ ಇತ್ತು. ಅಲ್ಲಿ ಕೃಷ್ಣಮೃಗಗಳಿಗಾಗಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವಾಯಿತು. ನಮ್ಮ ಕಡೆಯವರು ಚಿಗರಿ ಎನ್ನುವ ಆ ಮೃಗ ಉಳಿಯಿತು, ಹೆಚ್ಚಿತು ಕೂಡ. ಆದರೆ ಹುಲ್ಲುಬಯಲಿನ ಬಹುಭಾಗದಲ್ಲಿ ನೀಲಗಿರಿ ಎದ್ದುನಿಂತಿತ್ತು. ಗಿಡ ನೆಟ್ಟವರು ಕೆಟ್ಟದ್ದನ್ನು ಬಯಸಿದವರೆಂದು ನಾವು ಹೇಳುವುದಿಲ್ಲ. ಮರವಿಲ್ಲದ ನೆಲವೆಲ್ಲ ಪಾಳು ಎಂಬ ಭಾವನೆ ನಮ್ಮೆಲ್ಲರಲ್ಲಿಯೂ ಬೇರೂರಿದೆ. ಕಂದಾಯದ ಕಡತಗಳಲ್ಲಿಯೂ ಹುಲ್ಲುಗಾವಲಿಗೆ ಬಂಜರೆಂಬ ಹೆಸರೇ. ಆ ಹುಲ್ಲಿನಲ್ಲಿ ಏನೇನು ಬಾಳುತ್ತಿದೆ ಎಂಬುದನ್ನು ಊರಿನವರಾದ ನಾವೇ ಬರೆದಿಡದಿರುವಾಗ ಹೊರಗಿನಿಂದ ಬಂದ ಅಧಿಕಾರಿಯು ಅದನ್ನು ಬರಿದೆಂದು ಬಗೆದರೆ ಅಚ್ಚರಿಯೇನು? ನೆರಳು ಹೆಚ್ಚಿತು, ಎರೆಭೂತ ಹೋಯಿತು. ಯಾವ ವರ್ಷ ಹೋಯಿತೆಂದು ಸುತ್ತಲಿನ ಹಳ್ಳಿಗಳಲ್ಲಿ ನಾವು ಕೇಳಿನೋಡಿದೆವು. ಹತ್ತು ಜನ ಹತ್ತು ವರ್ಷ ಹೇಳಿದರು.

ಅದಾದ ಮೇಲೆ ನಾವೂ ಒಂದು ಖಿರ್ದಿಯನ್ನು ಇಟ್ಟೆವು. ಕಾರಕೂನರ ಪದ್ಧತಿಯೇ ಇದಕ್ಕೂ ಸಾಕು: ಮಿತಿ, ವೇಳೆ, ಸ್ಥಳ, ಕಂಡದ್ದು, ಎಷ್ಟು, ಏನು ಮಾಡುತ್ತಿತ್ತು. ದಿನಕ್ಕೊಂದು ಹೊಸ ಜಾಗಕ್ಕೆ ಹೋಗುವುದಕ್ಕಿಂತ ಒಂದೇ ಜಾಗಕ್ಕೆ, ಒಂದೇ ಹೊತ್ತಿಗೆ, ವರ್ಷಗಟ್ಟಲೆ ಹೋಗುವುದು ಮೇಲು. ಚಿಗರಿಯಾದರೆ ತಿರುಚು ಕೊಂಬಿನ ಕರಿಯ ಗಂಡು ಎಷ್ಟು, ಕಂದು ಬಣ್ಣದ ಹೆಣ್ಣು ಎಷ್ಟು, ಮರಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಯಬೇಕು. ಮರಿಗಳ ಸಂಖ್ಯೆಯೇ ಮುಂದಿನ ವರ್ಷದ ಮಾತನ್ನು ಹೇಳುವುದು. ಕಣ್ಣಿಗೆ ಕಾಣದೆ ಕೊರಳಿನಿಂದ ಮಾತ್ರ ತಿಳಿದುದನ್ನು 'ಕೇಳಿದ್ದು' ಎಂದೇ ಬರೆಯಬೇಕು. ಗುರುತು ಸಿಗದಿದ್ದರೆ 'ತಿಳಿಯಲಿಲ್ಲ' ಎನ್ನಲು ನಾಚಬಾರದು. ನಾವು ಮೊದಲ ವರ್ಷ ನಾಚಿದೆವು. ಆ ವರ್ಷದ ಪುಟಗಳಲ್ಲಿ ಅರ್ಧವನ್ನು ಈಗ ನಾವೇ ನಂಬುವುದಿಲ್ಲ.

ಈ ಕೆಲಸಕ್ಕೆ ವಿಜ್ಞಾನದ ಪದವಿ ಬೇಕೆಂದೇನೂ ಇಲ್ಲ. ಇಂಗ್ಲೆಂಡಿನ ಸೆಲ್ಬರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ತನ್ನೂರಿನ ಹೊಲ, ತೋಪು, ಕೊಳಗಳನ್ನು ನೋಡಿ ನೋಡಿ ಬರೆದ ಪತ್ರಗಳು 1789ರಲ್ಲಿ ಗ್ರಂಥವಾಗಿ ಬಂದವು. ಎಲ್ಲರೂ ಒಂದೇ ಎಂದು ತಿಳಿದಿದ್ದ ಸಣ್ಣ ಹಸಿರು ಹಕ್ಕಿಯು ನಿಜಕ್ಕೂ ಮೂರು ಜಾತಿ ಎಂಬುದನ್ನು ಅವನು ಅವುಗಳ ಹಾಡಿನ ಭೇದದಿಂದ ತಿಳಿದನು. ನಮ್ಮ ಮನೆಗಳ ತಾಯಂದಿರಿಗೆ ಈ ಸೂಕ್ಷ್ಮ ಸಹಜವಾಗಿಯೇ ಇದೆ. ಅಂಗಳದ ಗಿಡಕ್ಕೆ ಯಾವ ಹಕ್ಕಿ ಯಾವ ತಿಂಗಳು ಬರುತ್ತದೆಂದು ಅವರನ್ನು ಕೇಳಿ ನೋಡಿರಿ.

ಕೆರೆಯ ಮಾತಿಗೆ ಬರೋಣ. ಬರೆದಿಟ್ಟ ಲೆಕ್ಕ ಏನು ಮಾಡಬಲ್ಲುದೆಂಬುದನ್ನು ನಾವು ಕಂಡದ್ದು ಅಲ್ಲಿ. ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬಂದಿಳಿಯುತ್ತವೆ. ಮಂಗೋಲಿಯ, ಟಿಬೆಟ್ಟುಗಳಲ್ಲಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಹಗಲು ನೀರಿನಲ್ಲಿ ವಿಶ್ರಾಂತಿ. ಹೊತ್ತು ಇಳಿದ ಮೇಲೆ ಸುತ್ತಲಿನ ಹೊಲಗಳಲ್ಲಿ ಮೇವು. ಶೇಂಗಾ ಕಳೆದುಕೊಂಡರೂ ಇವುಗಳಿಗೆ ಕಲ್ಲೆಸೆಯದ ರೈತರ ದೊಡ್ಡತನವನ್ನು ಇಲ್ಲಿ ನೆನೆಯದಿರಲಾಗದು. ಮಂಗೋಲಿಯದಲ್ಲಿ ಕೊರಳಿಗೆ ಸಂಖ್ಯೆಯ ಪಟ್ಟಿ ತೊಡಿಸಿ ಬಿಟ್ಟ ಹೆಬ್ಬಾತುಗಳು ನಮ್ಮ ರಾಜ್ಯದ ಕೆರೆಗಳಲ್ಲಿ ಕಂಡುಬಂದಿವೆ. ದುರ್ಬೀನಿನಲ್ಲಿ ಆ ಸಂಖ್ಯೆಯನ್ನು ಓದಿ, ತೇದಿ ಹಾಕಿ ಬರೆದವರಿದ್ದುದರಿಂದಲೇ ಹಾದಿಯ ಎರಡು ತುದಿಗಳು ಕೂಡಿದವು.

2024ರ ಜನವರಿಯಲ್ಲಿ ಮಾಗಡಿ ಕೆರೆಗೆ ರಾಮ್ಸಾರ್ ಮನ್ನಣೆ ದೊರೆಯಿತು; ಜೊತೆಗೆ ಅಂಕಸಮುದ್ರಕ್ಕೂ ಅಘನಾಶಿನಿಯ ಅಳಿವೆಗೂ. ಮಾಗಡಿಯದು ಕೇವಲ 54 ಹೆಕ್ಟೇರಿನಷ್ಟು ಜಾಗ. ಅಂತರರಾಷ್ಟ್ರೀಯ ಮಹತ್ವವನ್ನು ಅಳೆಯುವ ರಾಮ್ಸಾರ್ ನಿಯಮಗಳಲ್ಲಿ ಒಂದು ಹೀಗಿದೆ: ಒಂದು ಜಾತಿಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದು ಪಾಲಾದರೂ ಅಲ್ಲಿ ನಿಯಮಿತವಾಗಿ ನೆಲೆಸಬೇಕು. ಎಣಿಸಿದವರಿಲ್ಲದಿದ್ದರೆ ಇದನ್ನು ತೋರಿಸುವ ಬಗೆ ಎಂತು? ಏಷ್ಯಾದ ನೀರುಹಕ್ಕಿಗಳ ಗಣತಿಯು 1987ರಿಂದ ಪ್ರತಿ ಜನವರಿಯಲ್ಲಿ ನಡೆದುಬಂದಿದೆ. ಬಹುಪಾಲು ಸ್ವಯಂಸೇವಕರೇ ಮಾಡುವ ಕೆಲಸವದು.

ಗುಂಪನ್ನು ಎಣಿಸುವ ಉಪಾಯ ಸುಲಭ. ಮೊದಲು ಹತ್ತು ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅವು ಎಷ್ಟು ಜಾಗ ಹಿಡಿದವೆಂಬುದನ್ನು ಕಣ್ಣಿನಲ್ಲಿಟ್ಟುಕೊಂಡು, ಆ ಅಳತೆಯಿಂದ ಇಡೀ ಗುಂಪನ್ನು ಅಳೆಯುವುದು. ರಾಶಿಯಲ್ಲಿ ಕೊಳಗ ಹಾಕಿದಂತೆ. ಸಮೀಪಕ್ಕೆ ಹೋಗಿ ಎಬ್ಬಿಸಬಾರದು. ದಡದ ಬಯಲಿನಲ್ಲಿ ಟಿಟ್ಟಿಭವು ತಲೆಯ ಮೇಲೆ ಸುತ್ತಿ ಕೂಗತೊಡಗಿತೆಂದರೆ ಹತ್ತಿರದಲ್ಲಿ ಮೊಟ್ಟೆಗಳಿವೆಯೆಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗಬೇಕು. ಗೂಡಿನ ಜಾಗವನ್ನು ಪುಸ್ತಕದಲ್ಲಿ ಬರೆಯಬಹುದು, ಊರಿಗೆಲ್ಲ ಸಾರಬಾರದು.

ಕಳೆದ ಮಾರ್ಗಶಿರದ ಒಂದು ಮುಂಜಾನೆ ಪ್ರಸಾದ ನಿಲಯದ ಬಾಲಕನೊಬ್ಬನನ್ನು ಕರೆದುಕೊಂಡು ಆ ಹಳೆಯ ಚಕ್ಕಡಿ ಹಾದಿಯತ್ತ ಹೋದೆವು. ನಮ್ಮ ನೆನಪಿನ ಎರಡು ಊರುಗಳ ನಡುವಣ ಸೀಮೆ. ಹುಲ್ಲು ಅಲ್ಲಲ್ಲಿ ತುಂಡುತುಂಡಾಗಿ ಉಳಿದಿದೆ. ಸೂರ್ಯೋದಯದಿಂದ ಎರಡು ತಾಸು ಕುಳಿತೆವು. ನಾವು ಹೇಳುತ್ತ ಹೋದೆವು, ಬಾಲಕನು ಬರೆದುಕೊಂಡನು. ನೆಲಗುಬ್ಬಿ ಹನ್ನೊಂದು, ಟಿಟ್ಟಿಭ ಎರಡು, ಚಿಗರಿ ಗಂಡು ಒಂದು, ಹೆಣ್ಣು ನಾಲ್ಕು, ಮರಿ ಒಂದು. ಪುಸ್ತಕ ಮುಚ್ಚುವ ಮುನ್ನ ಅವನು ತಲೆಯೆತ್ತಿ, "ಗುರುಗಳೇ, ಎರೆಭೂತ ಬರಲೇ ಇಲ್ಲವಲ್ಲ, ಅದನ್ನು ಬಿಟ್ಟುಬಿಡಲೇ?" ಎಂದು ಕೇಳಿದನು.

ಬಿಡಬೇಡವೆಂದೆವು. ಅವನು ತೇದಿಯ ಕೆಳಗೆ, ಊರುಗಳ ಹೆಸರಿನ ಎದುರಿಗೆ, ದುಂಡಗಿನ ಅಕ್ಷರಗಳಲ್ಲಿ ಬರೆದನು: ಎರೆಭೂತ, ಕಾಣಲಿಲ್ಲ.