ಬುದ್ಧಿ ಮತ್ತು ವ್ಯಕ್ತಿತ್ವ: ಒಂದು ವೈಜ್ಞಾನಿಕ ಕಾದಂಬರಿಯ ಪರಿಚಯ

ವೈಜ್ಞಾನಿಕ ಕಾದಂಬರಿಯೆಂದರೆ ಆಕಾಶನೌಕೆಗಳ, ಅನ್ಯಗ್ರಹವಾಸಿಗಳ ಕಥೆಯೆಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಅಮೆರಿಕದ ಲೇಖಕ ಡೇನಿಯಲ್ ಕೀಸ್ (1927–2014) ಅವರ 'ಫ್ಲವರ್ಸ್ ಫಾರ್ ಅಲ್ಜರ್ನಾನ್' ಈ ಭಾವನೆಯನ್ನು ತಿದ್ದಬಲ್ಲ ಕೃತಿ. 1959ರಲ್ಲಿ ಸಣ್ಣಕಥೆಯಾಗಿ ಪ್ರಕಟಗೊಂಡು ಮರುವರ್ಷ ಹ್ಯೂಗೋ ಪ್ರಶಸ್ತಿಗೆ ಪಾತ್ರವಾದ ಇದು, 1966ರಲ್ಲಿ ಕಾದಂಬರಿಯ ರೂಪ ತಾಳಿತು. ಕೀಸ್ ಅವರು ಉಪಾಧ್ಯಾಯರಾಗಿದ್ದವರು. ಕಲಿಕೆಯಲ್ಲಿ ಹಿಂದುಳಿದವರ ತರಗತಿಯ ಹುಡುಗನೊಬ್ಬನು, ತಾನು ಶ್ರಮಪಟ್ಟು ಜಾಣನಾದರೆ ತನ್ನನ್ನು ಸಾಮಾನ್ಯ ತರಗತಿಗೆ ಸೇರಿಸುವಿರಾ ಎಂದು ಅವರನ್ನು ಕೇಳಿದ್ದನು. ಆ ಪ್ರಶ್ನೆಯೇ ಕೃತಿಯ ಬೀಜಗಳಲ್ಲೊಂದು.

ಕಥಾನಾಯಕ ಚಾರ್ಲಿ ಗಾರ್ಡನ್‌ಗೆ ವಯಸ್ಸು 32, ಬುದ್ಧಿಲಬ್ಧ 68. ನ್ಯೂಯಾರ್ಕಿನ ಬೇಕರಿಯೊಂದರಲ್ಲಿ ಕಸ ಗುಡಿಸುವುದು ಅವನ ಕೆಲಸ. ಅಲ್ಜರ್ನಾನ್ ಎಂಬ ಇಲಿಯ ಮೇಲೆ ಫಲಿಸಿದ ಮೆದುಳಿನ ಶಸ್ತ್ರಚಿಕಿತ್ಸೆಯನ್ನು ವಿಜ್ಞಾನಿಗಳು ಅವನಿಗೂ ಮಾಡುತ್ತಾರೆ. ಕೆಲವೇ ತಿಂಗಳಲ್ಲಿ ಬುದ್ಧಿಲಬ್ಧ 185ಕ್ಕೇರುತ್ತದೆ. ಕಾದಂಬರಿಯಿಡೀ ಅವನೇ ಬರೆದ ವರದಿಗಳ ರೂಪದಲ್ಲಿದೆ. ಮೊದಲ ಪುಟಗಳಲ್ಲಿ ಕಾಗುಣಿತ ದೋಷಗಳೇ ತುಂಬಿದ್ದು, ಕ್ರಮೇಣ ಭಾಷೆ ಪಂಡಿತನದಾಗುತ್ತದೆ. ಕೊನೆಯಲ್ಲಿ ಪುನಃ ಕುಸಿಯುತ್ತದೆ. ವ್ಯಕ್ತಿಯ ಏರಿಳಿತವನ್ನು ವಾಕ್ಯಗಳೇ ನುಡಿಯುತ್ತವೆ.

ಬುದ್ಧಿಯೊಡನೆ ದುಃಖವೂ ಬರುತ್ತದೆ. ಸ್ನೇಹಿತರೆಂದು ನಂಬಿದ್ದ ಸಹೋದ್ಯೋಗಿಗಳು ತನ್ನನ್ನು ಹಾಸ್ಯಮಾಡುತ್ತಿದ್ದರೆಂಬುದು ಚಾರ್ಲಿಗೆ ಅರಿವಾಗುತ್ತದೆ. ತಾಯಿಯಿಂದ ತಿರಸ್ಕೃತನಾದ ಬಾಲ್ಯ ನೆನಪಿಗೆ ಮರಳುತ್ತದೆ. ಹಳೆಯ ಚಾರ್ಲಿ ಬೇರೊಬ್ಬ ಹುಡುಗನಂತೆ ಎದುರು ನಿಂತು ತನ್ನನ್ನೇ ನೋಡುತ್ತಿರುವಂತೆ ಭಾಸವಾಗುತ್ತದೆ. ವಿಜ್ಞಾನಿಗಳಾದರೋ ತಾವೇ ಅವನನ್ನು ಸೃಷ್ಟಿಸಿದವರಂತೆ ಮಾತನಾಡುತ್ತಾರೆ. ಚಿಕಿತ್ಸೆಗೆ ಮುನ್ನವೂ ತಾನು ಮನುಷ್ಯನೇ ಆಗಿದ್ದೆನೆಂಬುದು ಚಾರ್ಲಿಯ ವಾದ. ಕೃತಿಯ ತಿರುಳೂ ಅದೇ.

ಇತ್ತ ಅಲ್ಜರ್ನಾನ್ ಕ್ಷೀಣಿಸತೊಡಗುತ್ತದೆ. ಕೃತಕವಾಗಿ ಹೆಚ್ಚಿದ ಬುದ್ಧಿ, ಹೆಚ್ಚಿದ ಪ್ರಮಾಣಕ್ಕನುಗುಣವಾದ ವೇಗದಲ್ಲಿಯೇ ಇಳಿಯುವುದೆಂದು ಸ್ವತಃ ಚಾರ್ಲಿಯೇ ಸಂಶೋಧಿಸುತ್ತಾನೆ. ತನ್ನ ಪತನವನ್ನು ತಾನೇ ಗಣಿಸಿ ತಿಳಿಯುವ ಈ ಭಾಗ ಹೃದಯವಿದ್ರಾವಕವಾದುದು. ಎಲ್ಲವನ್ನೂ ಕಳೆದುಕೊಂಡ ಮೇಲೂ, ಇಲಿಯ ಸಮಾಧಿಗೆ ಹೂವಿಡಬೇಕೆಂಬುದನ್ನು ಅವನು ಮರೆಯುವುದಿಲ್ಲ. ಬುದ್ಧಿ ಹೋಯಿತು, ಕರುಣೆ ಉಳಿಯಿತು. ಸುಖಾಂತ್ಯ ಬೇಕೆಂದು ಸಂಪಾದಕರೊಬ್ಬರು ಕೇಳಿದಾಗ ಕೀಸ್ ಒಪ್ಪಲಿಲ್ಲ. ಅವರ ನಿರ್ಧಾರ ಸರಿಯಾದುದೆಂಬುದಕ್ಕೆ ಈ ಮುಕ್ತಾಯವೇ ಸಾಕ್ಷಿ.

ಅಂಕಗಳಿಂದ ಮಕ್ಕಳನ್ನು ಅಳೆಯುವುದು ನಮ್ಮ ವೃತ್ತಿಯ ಅನಿವಾರ್ಯ ಅಂಗ. ಆದರೆ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತ ಬಾಲಕನು ಅಂಕ ಬರುವ ಮುನ್ನವೂ ಪೂರ್ಣ ವ್ಯಕ್ತಿಯೇ ಎಂಬುದನ್ನು ಈ ಕಾದಂಬರಿ ನೆನಪಿಸುತ್ತದೆ. ಉಪಾಧ್ಯಾಯರಾದ ನಾವು ಇದನ್ನು ಒಮ್ಮೆಯಾದರೂ ಓದತಕ್ಕದ್ದು.